ರೇಡಿಯೋ ಅಪ್‌ಡೇಟ್ ಮಾಡಿಸುವ ಮುನ್ನ ಕ್ಯಾಲಿಬ್ರೇಷನ್ ಉಳಿಸಿಕೊಳ್ಳಿ

ಹೊಸದಾಗಿ ಲೈಸೆನ್ಸ್ ಪಡೆದು ಕೈ ರೇಡಿಯೋ ಕೊಂಡಿರುವ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರಿಗೆ, ಅದರಲ್ಲೂ ಕ್ವಾನ್‌ಶೆಂಗ್ ಯುವಿ-ಕೆ5 ಇಟ್ಟುಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಮಾರಿದವರು ಸೆಟ್ ನಡೆಸುವ ಒಳಗಿನ ತಂತ್ರಾಂಶದ ಬಗ್ಗೆ "ಫರ್ಮ್‌ವೇರ್ ನಾವೇ ಹಾಕಿಕೊಡ್ತೀವಿ" ಅಂದರೆ ಒಪ್ಪಿಕೊಳ್ಳುವ ಮೊದಲು ಸೆಟ್ಟಿನೊಳಗಿನ ಇಇಪ್ರಾಮ್‌ನ (ಚಾನೆಲ್, ಸೆಟ್ಟಿಂಗ್ಸ್, ಕ್ಯಾಲಿಬ್ರೇಷನ್ ಎಲ್ಲ ಇರುವ ಮೆಮೊರಿ ಚಿಪ್) ಪೂರ್ತಿ ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ ಇರಲೇಬೇಕು.

ನನ್ನ ಸೆಟ್ಟಿನಲ್ಲಿ ಮಾತಾಡಿದರೆ ಆಚೆಯವರಿಗೆ ದನಿ ತೀರಾ ಸಣ್ಣಗೆ ಕೇಳುತ್ತಿತ್ತು. ಮಾರಾಟಗಾರರಿಗೆ ಫೋನ್ ಮಾಡಿದೆ. "ಹಳೇ ವರ್ಷನ್ ಸಾರ್, ಅಪ್‌ಡೇಟ್ ಹಾಕಿದ್ರೆ ಸರಿಹೋಗುತ್ತೆ. ಎನಿಡೆಸ್ಕ್ ಆನ್ ಮಾಡಿ, ಇಲ್ಲಿಂದಾನೇ ಮಾಡಿಕೊಡ್ತೀನಿ" ಅಂದ ಅವರ ಟೆಕ್ನಿಷಿಯನ್. ವಾಟ್ಸಾಪ್‌ನಲ್ಲಿ ಒಂದು ಜಿಪ್ ಫೈಲ್ ಬಂತು. "ಎಲ್ಲಾ ಬ್ಯಾಂಡೂ ಓಪನ್ ಆಗುತ್ತೆ ಸಾರ್" ಅಂತ ಬೇರೆ ಹೇಳಿದ. ಈ ಮಾತಿಗೆ ದಯವಿಟ್ಟು ಯಾರೂ ಮರುಳಾಗಬೇಡಿ. ವಿಎಚ್‌ಎಫ್, ಯುಎಚ್‌ಎಫ್‌ನಲ್ಲಿ ನಮಗೆ ಮಾತಾಡಲು ಅನುಮತಿ ಇರುವುದು 144ರಿಂದ 146, 434ರಿಂದ 438 ಮೆಗಾಹರ್ಟ್ಸ್‌ನಲ್ಲಿ. 118ರಿಂದ 137ರವರೆಗಿನದು ವಿಮಾನಗಳ ಜಾಗ. ಅಲ್ಲಿ ಗುಂಡಿ ಒತ್ತುವುದೆಂದರೆ ಬೇರೆಯವರ ಜೀವದ ಜೊತೆ ಆಟ.

ಅಪ್‌ಡೇಟ್ ಏನೋ ಸಲೀಸಾಗಿ ಆಯಿತು. ಪಿಟಿಟಿ (ಮಾತಾಡುವಾಗ ಒತ್ತುವ ಗುಂಡಿ) ಒತ್ತಿಹಿಡಿದು ಆನ್ ಮಾಡಿದರೆ ಟಾರ್ಚ್ ದೀಪ ಹೊತ್ತಿಕೊಳ್ಳುತ್ತದೆ, ಪರದೆ ಖಾಲಿ ಇರುತ್ತದೆ. ಅದು ಬೂಟ್‌ಲೋಡರ್ ಸ್ಥಿತಿ, ಅಂದರೆ ಹೊಸ ಫರ್ಮ್‌ವೇರ್ ಪಡೆಯಲು ಸೆಟ್ ಸಿದ್ಧವಾಗಿದೆ ಅಂತ, ಗಾಬರಿ ಬೇಡ. ಫರ್ಮ್‌ವೇರ್ ಹತ್ತಿತು, ಸೆಟ್ ಮತ್ತೆ ಆನ್ ಆಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆತ ಅದೇ ಜಿಪ್‌ನಲ್ಲಿದ್ದ ಇನ್ನೊಂದು ಪುಟ್ಟ ಫೈಲನ್ನು "ಸೆಟ್ಟಿಂಗ್ಸ್ ಸಾರ್" ಅನ್ನುತ್ತಾ ರೀಸ್ಟೋರ್ ಒತ್ತಿಬಿಟ್ಟ. ಮೊದಲಿದ್ದದ್ದನ್ನು ಓದಿ ಉಳಿಸಿಕೊಳ್ಳಲೇ ಇಲ್ಲ. ಅದು ಬೇರೆ ಯಾವುದೋ ಸೆಟ್ಟಿನಿಂದ ತೆಗೆದ ಇಇಪ್ರಾಮ್ ಪ್ರತಿ.

ತೊಂದರೆ ತಕ್ಷಣ ಕಾಣಲಿಲ್ಲ. ಬ್ಯಾಟರಿ ತುಂಬಿದೆ ಅಂತ ತೋರಿಸುತ್ತಲೇ ಸೆಟ್ ಆಫ್ ಆಗತೊಡಗಿತು. ಮೊದಲು ಸಲೀಸಾಗಿ ಕೇಳುತ್ತಿದ್ದ ದೂರದ ಸಿಗ್ನಲ್‌ಗೆ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಬರೀ ಗದ್ದಲವನ್ನು ತಡೆಯುವ ವ್ಯವಸ್ಥೆ) ತೆರೆಯುತ್ತಿರಲಿಲ್ಲ. ಮಾತಾಡಿದರೆ "ನೀವು ಫ್ರೀಕ್ವೆನ್ಸಿಯಿಂದ ಸ್ವಲ್ಪ ಸರಿದಿದ್ದೀರಿ" ಅಂತ ಹಿರಿಯ ಹ್ಯಾಮ್ ಒಬ್ಬರು ತಿಳಿಸಿದರು.

ಕಾರಣ ಇಷ್ಟು. ಒಂದೇ ಮಾದರಿಯ ರೇಡಿಯೋಗಳಾದರೂ ಒಳಗಿನ ಬಿಡಿಭಾಗಗಳು ಒಂದಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸ ಇಟ್ಟುಕೊಂಡೇ ಬರುತ್ತವೆ. ಕಾರ್ಖಾನೆಯಲ್ಲಿ ಅಳತೆ ಮಾಡಿ ಆ ಸೆಟ್ಟಿಗೆ ಹೊಂದುವ ಅಂಕಿಗಳನ್ನು ಒಳಗೆ ಬರೆದಿಡುತ್ತಾರೆ. ಇದೇ ಕ್ಯಾಲಿಬ್ರೇಷನ್. ಸ್ಕ್ವೆಲ್ಚ್ ಮಟ್ಟ, ಬ್ಯಾಂಡ್‌ವಾರು ಪವರ್, ಬ್ಯಾಟರಿ ವೋಲ್ಟೇಜ್, ಫ್ರೀಕ್ವೆನ್ಸಿ ನಿರ್ಧರಿಸುವ ಕ್ರಿಸ್ಟಲ್‌ನ ತಿದ್ದುಪಡಿ, ಎಲ್ಲವೂ ಅಲ್ಲೇ. ಯುವಿ-ಕೆ5ನಲ್ಲಿ ಇವು 8 ಕೆಬಿ ಇಇಪ್ರಾಮ್‌ನ ಕೊನೆಯ 512 ಬೈಟ್‌ನಲ್ಲಿವೆ. ಚಾನೆಲ್‌ಗಳನ್ನು ಮತ್ತೆ ತುಂಬಿಕೊಳ್ಳಬಹುದು, ಫರ್ಮ್‌ವೇರನ್ನು ಮತ್ತೆ ಹಾಕಬಹುದು. ಈ 512 ಬೈಟ್ ನಿಮ್ಮ ಸೆಟ್ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ.

ಮತ್ತೆ ಫೋನ್ ಮಾಡಿದಾಗ ಸಿಕ್ಕ ಉತ್ತರ "ಸ್ಟಾಕ್ ಫರ್ಮ್‌ವೇರ್ ವಾಪಸ್ ಹಾಕಿ ಸಾರ್". ಕಂಪನಿಯ ಮೂಲ ಫರ್ಮ್‌ವೇರ್ ಹಾಕುವುದರಿಂದ ಏನೂ ಆಗುವುದಿಲ್ಲ. ಫರ್ಮ್‌ವೇರ್ ಇರುವುದು ಪ್ರೊಸೆಸರಿನ ಫ್ಲ್ಯಾಷ್‌ನಲ್ಲಿ, ಕ್ಯಾಲಿಬ್ರೇಷನ್ ಇರುವುದು ಬೇರೆ ಚಿಪ್‌ನಲ್ಲಿ. ಆಮೇಲೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ಆ ಹಿರಿಯರೇ ಮಲ್ಟಿಮೀಟರ್, ಡಮ್ಮಿ ಲೋಡ್ (ಪರೀಕ್ಷೆಗೆ ಆಂಟೆನಾ ಬದಲು ಹಾಕುವುದು), ಪವರ್ ಮೀಟರ್ ಹಿಡಿದು ಕೂತು ಬ್ಯಾಟರಿ, ಪವರ್, ಫ್ರೀಕ್ವೆನ್ಸಿ ಹೊಂದಿಸಿಕೊಟ್ಟರು. ಸ್ಕ್ವೆಲ್ಚ್ ಮಾತ್ರ ಇನ್ನೂ ಮೊದಲಿನಂತಾಗಿಲ್ಲ.

ಪ್ರತಿ ತೆಗೆಯುವುದು ಕಷ್ಟದ ಕೆಲಸವಲ್ಲ. ಇಇಪ್ರಾಮ್ ಪೂರ್ತಿ ಓದಿ ಉಳಿಸುವ ಉಚಿತ ಪ್ರೋಗ್ರಾಂಗಳಿವೆ, ಕೆ5ಪ್ರಾಗ್ ಅವುಗಳಲ್ಲೊಂದು. ಬೇಕಾದದ್ದು ಎರಡು ಪಿನ್ನಿನ ಕೆನ್‌ವುಡ್ ಮಾದರಿಯ ಪ್ರೋಗ್ರಾಮಿಂಗ್ ಕೇಬಲ್. ನನ್ನ ಸೆಟ್ಟಿನ ಟೈಪ್-ಸಿ ತೂತು ಚಾರ್ಜಿಂಗ್‌ಗೆ ಮಾತ್ರ, ಅದರಲ್ಲಿ ಡೇಟಾ ಹೋಗುವುದಿಲ್ಲ. ಪಿನ್ ಪೂರ್ತಿ ಒಳಗೆ ಕೂರುವವರೆಗೆ ಒತ್ತಿ, ಅರ್ಧ ಕೂತರೆ ಕಂಪ್ಯೂಟರ್ ಮಾತೇ ಆಡುವುದಿಲ್ಲ. ಅಗ್ಗದ ಕೇಬಲ್‌ಗಳಲ್ಲಿ ಪ್ರೊಲಿಫಿಕ್ ಕಂಪನಿಯ ಹೆಸರಿನ ನಕಲಿ ಯುಎಸ್‌ಬಿ ಚಿಪ್ ಇರುವುದುಂಟು, ಅವನ್ನು ವಿಂಡೋಸ್‌ನ ಹೊಸ ಡ್ರೈವರ್ ಒಪ್ಪುವುದಿಲ್ಲ. ಸಿಎಚ್340 ಚಿಪ್ಪಿನ ಕೇಬಲ್ ಕೇಳಿ ತೆಗೆದುಕೊಳ್ಳಿ. ಫರ್ಮ್‌ವೇರ್ ಹತ್ತುವಾಗ ಸೆಟ್ ನಡೆಯುವುದು ಅದರದೇ ಬ್ಯಾಟರಿಯಲ್ಲಿ, ಹಾಗಾಗಿ ಮೊದಲೇ ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ನಡುವೆ ಕೇಬಲ್ ಕಳಚಿದರೂ ಸಾಮಾನ್ಯವಾಗಿ ಬೂಟ್‌ಲೋಡರ್ ಉಳಿದಿರುತ್ತದೆ, ಮತ್ತೆ ಮೊದಲಿಂದ ಹಾಕಬಹುದು. ಇನ್ನೊಂದು ವಿಷಯ, ಇದೇ ಹೆಸರಿನಲ್ಲಿ ಬಂದಿರುವ ಹೊಸ ಆವೃತ್ತಿಯೊಳಗೆ ಬೇರೆ ಪ್ರೊಸೆಸರ್ ಇದೆ. ಹಳೆಯದರ ಫೈಲ್ ಅದಕ್ಕೆ ಆಗುವುದಿಲ್ಲ.

ಯಾರಾದರೂ ಈಗಾಗಲೇ ನಿಮಗೆ ಇಂಥ ಜಿಪ್ ಕಳಿಸಿದ್ದರೆ ಬಿಚ್ಚಿ ಫೈಲ್‌ಗಳ ಗಾತ್ರ ನೋಡಿ. ಸರಿಯಾಗಿ 8192 ಬೈಟ್ ಇದ್ದರೆ ಅದು ಫರ್ಮ್‌ವೇರ್ ಅಲ್ಲ, ಇನ್ನೊಬ್ಬರ ಸೆಟ್ಟಿನ ಇಇಪ್ರಾಮ್ ಅಂತಲೇ ತಿಳಿದು ಅಳಿಸಿಹಾಕಿ.