ಮಾಗಡಿ ಕೆರೆಯ ಎರಡು ಬಾತುಗಳು: ಯಾವಾಗ ಹೋಗಬೇಕು, ಏನು ನೋಡಬೇಕು

ಗದಗದಿಂದ ಬೆಂಗಳೂರು ರಸ್ತೆ ಹಿಡಿದರೆ ಸುಮಾರು 26 ಕಿ.ಮೀ.ಗೆ ಮಾಗಡಿ ಕೆರೆ. ಶಿರಹಟ್ಟಿಯಿಂದ 8, ಲಕ್ಷ್ಮೇಶ್ವರದಿಂದ 11 ಕಿ.ಮೀ. ವಿಸ್ತೀರ್ಣ 134 ಎಕರೆ. 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಘೋಷಣೆಯಾದ ಮೇಲೆ ಬರುವವರು ಹೆಚ್ಚಿದ್ದಾರೆ, ಆದರೆ ಬಹುತೇಕರು ಪಟ್ಟೆತಲೆ ಹೆಬ್ಬಾತು ನೋಡಿ ಗಾಡಿ ಹತ್ತಿಬಿಡುತ್ತಾರೆ. ಬಾತುಗಳನ್ನು ಗುರುತಿಸಲು ಕಲಿಯಬೇಕೆನ್ನುವವರಿಗೆ ಗದಗ ಸೀಮೆಯಲ್ಲಿ ಇಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಸ್ಥಳೀಯ ಬಾತು, ವಲಸೆ ಬಾತು ಎರಡೂ ಒಂದೇ ನೀರಿನಲ್ಲಿ ಇರುತ್ತವೆ. ಮೊದಲು ಎರಡನ್ನೇ ಗುರುತಿಸಲು ಕಲಿಯಿರಿ: ಚುಕ್ಕೆ ಕೊಕ್ಕಿನ ಬಾತು ಮತ್ತು ಸಲಿಕೆ ಕೊಕ್ಕಿನ ಬಾತು, ಅಂದರೆ ಶೊವೆಲರ್.

ಚುಕ್ಕೆ ಕೊಕ್ಕಿನದು ನಮ್ಮ ಕೆರೆಗಳದ್ದೇ ಹಕ್ಕಿ, ವಲಸೆಯದಲ್ಲ. ಸುಮಾರು 60 ಸೆಂ.ಮೀ. ಉದ್ದ. ಕಪ್ಪು ಕೊಕ್ಕು, ತುದಿಯಲ್ಲಿ ಹಳದಿ. ಬುಡದಲ್ಲಿ ಕೆಂಪು ಚುಕ್ಕೆ ಇರುತ್ತದೆ, ಆದರೆ ಹೆಣ್ಣಿನಲ್ಲಿ ಅದು ಮಸುಕು, ಇಲ್ಲವೇ ಇರುವುದೇ ಇಲ್ಲ. ಹಾಗಾಗಿ ಹೆಸರು ನಂಬಿ ಚುಕ್ಕೆ ಹುಡುಕುತ್ತ ಕೂತರೆ ಅರ್ಧ ಹಕ್ಕಿಗಳು ಕೈತಪ್ಪುತ್ತವೆ. ಹಳದಿ ತುದಿಯೇ ಗಟ್ಟಿ ಗುರುತು, ದೂರದಿಂದಲೂ ಹೊಳೆಯುತ್ತದೆ. ಸಲಿಕೆ ಕೊಕ್ಕಿನದು 50 ಸೆಂ.ಮೀ. ಆಸುಪಾಸು, ಉತ್ತರದ ಶೀತ ದೇಶಗಳಿಂದ ಚಳಿಗಾಲಕ್ಕೆ ಬರುವಂಥದ್ದು. ಗಂಡಿಗೆ ಹಸಿರು ತಲೆ, ಬಿಳಿ ಎದೆ, ಇಟ್ಟಂಗಿ ಬಣ್ಣದ ಪಕ್ಕೆ. ಹೆಣ್ಣು ಪೂರ್ತಿ ಕಂದು.

ಎಡವುವುದು ಈ ಕಂದು ಹೆಣ್ಣಿನ ಹತ್ತಿರವೇ. ಬಿಸಿಲೇರಿದ ಮೇಲೆ ಬಾತುಗಳು ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ನಿದ್ದೆ ಮಾಡುತ್ತವೆ. ಆಗ ಸಲಿಕೆಯೂ ಇಲ್ಲ, ಹಳದಿ ತುದಿಯೂ ಇಲ್ಲ. ಕಾಲು ನೋಡಿ ತೀರ್ಮಾನಿಸಲು ಹೋಗಬೇಡಿ, ಎರಡರದ್ದೂ ಕಿತ್ತಳೆಯ ಛಾಯೆಯವೇ. ಬೆನ್ನಿನ ಹಿಂಭಾಗ, ಬಾಲಕ್ಕೆ ತುಸು ಮುಂದೆ ನೋಡಿ. ಮಡಚಿದ ರೆಕ್ಕೆಯ ಅಂಚಿನಲ್ಲಿ ಅಚ್ಚ ಬಿಳಿ ಪಟ್ಟೆ ಎದ್ದು ಕಂಡರೆ ಅದು ಚುಕ್ಕೆ ಕೊಕ್ಕಿನದು. ಮೈಮೇಲಿನ ಗರಿಗಳಿಗೂ ತಿಳಿ ಅಂಚಿದ್ದು, ಮೀನಿನ ಹುರುಪೆಯಂತೆ ಕಾಣುತ್ತವೆ.

ಹಾರುವಾಗ ಇನ್ನೊಂದು ಗೊಂದಲ: ಎರಡರ ರೆಕ್ಕೆಯಲ್ಲೂ ಹಸಿರು ಪಟ್ಟಿ ಇದೆ. ಅದನ್ನು ಬಿಟ್ಟು ರೆಕ್ಕೆಯ ಮುಂಭಾಗ ನೋಡಿ. ಶೊವೆಲರ್ ಗಂಡಿನಲ್ಲಿ ಅದು ತಿಳಿನೀಲಿ, ಹೆಣ್ಣಿನಲ್ಲಿ ಬೂದು ಕಲೆತದ್ದು. ಚುಕ್ಕೆ ಕೊಕ್ಕಿನದಕ್ಕೆ ಆ ನೀಲಿ ಇಲ್ಲ. ಕಪ್ಪು ಮೈಗೆ ರೆಕ್ಕೆಯ ಅಡಿಭಾಗದ ಬಿಳಿ ಹೊಡೆದು ಕಾಣುತ್ತದೆ.

ಮೇಯುವ ರೀತಿ ಮಾತ್ರ ಬರಿಗಣ್ಣಿಗೇ ತಿಳಿಯುತ್ತದೆ. ಈ ಕೆರೆಯಲ್ಲಿ ಅತ್ಯಂತ ಖುಷಿ ಕೊಡುವ ನೋಟವೂ ಅದೇ. ಶೊವೆಲರ್ ಕುತ್ತಿಗೆ ಚಾಚಿ, ಕೊಕ್ಕನ್ನು ನೀರಿನ ಮೇಲ್ಮೈಗೇ ಹಚ್ಚಿ, ಎಡಬಲ ಆಡಿಸುತ್ತ ಸಾಗುತ್ತದೆ. ಕೊಕ್ಕಿನ ಒಳಅಂಚಿನಲ್ಲಿ ಸುಮಾರು 110 ಸಣ್ಣ ಹಲ್ಲಿನಂಥ ಎಳೆಗಳಿವೆ. ನೀರು ಹೊರಗೆ ಹೋಗಿ ಸೂಕ್ಷ್ಮ ಜೀವಿಗಳು ಒಳಗೆ ಉಳಿಯುತ್ತವೆ. ಕೆಲವೊಮ್ಮೆ ಗುಂಪು ಒಂದೇ ಕಡೆ ಗಿರಗಿರ ಸುತ್ತುತ್ತದೆ. ಸುತ್ತಿದಷ್ಟೂ ಅಡಿಯಲ್ಲಿದ್ದ ಆಹಾರ ಮೇಲೆ ಬರುತ್ತದೆ. ಚುಕ್ಕೆ ಕೊಕ್ಕಿನದು ಹೆಚ್ಚಾಗಿ ಹುಲ್ಲಿನ ಬೀಜ, ಜಲಸಸ್ಯ ತಿನ್ನುವುದರಿಂದ ದಂಡೆಯ ಹುಲ್ಲಿಗೆ ಹತ್ತಿರ ಇರುತ್ತದೆ. ತಲೆ ಮುಳುಗಿಸಿ ಬಾಲ ಮೇಲೆತ್ತುತ್ತದೆ. ಮೊದಲು ದಂಡೆ, ಆಮೇಲೆ ನಡುನೀರು, ಈ ಕ್ರಮದಲ್ಲಿ ಹುಡುಕಿದರೆ ಹೊತ್ತು ಉಳಿಯುತ್ತದೆ.

ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹೋಗುವುದು ಉತ್ತಮ. ನವೆಂಬರಿನಲ್ಲಿ ಶೊವೆಲರ್ ಗಂಡುಗಳ ಗರಿ ಇನ್ನೂ ಪೂರ್ತಿ ಬದಲಾಗಿರುವುದಿಲ್ಲ, ಹೆಣ್ಣಿನಂತೆ ಮಂಕಾಗಿರುತ್ತವೆ. ಹೊಸಬರಿಗೆ ಆ ತಿಂಗಳು ತಲೆಬಿಸಿ. ಹಸಿರು ತಲೆ ಕಂಡೊಡನೆ ಮಲ್ಲಾರ್ಡ್ ಎಂಬ ಬೇರೊಂದು ಬಾತು ಎಂದು ಬರೆಯುವುದೂ ಸಾಮಾನ್ಯ ತಪ್ಪು. ಮಲ್ಲಾರ್ಡ್ ಗಂಡಿಗೆ ಕುತ್ತಿಗೆಯಲ್ಲಿ ಬಿಳಿ ಉಂಗುರ, ಎದೆ ಕಂದು. ನಮ್ಮ ಕಡೆ ಅದು ಅಪರೂಪ.

ಕೆರೆಯ ಕೊರತೆ ಎಂದರೆ ದೂರ. ನೀರು ತುಂಬಿದ್ದರೆ ಹಕ್ಕಿಗಳು ನಡುವಿಗೆ ಸರಿಯುತ್ತವೆ. 8×42 (8 ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಗಾಜಿನ) ಬೈನಾಕ್ಯುಲರ್ ಇದ್ದರೆ ದಂಡೆಯ ಕಡೆಯವನ್ನು ಸಲೀಸಾಗಿ ಗುರುತಿಸಬಹುದು. ನಡುನೀರಿನವಕ್ಕೆ ಸ್ಟ್ಯಾಂಡಿನ ಮೇಲಿಟ್ಟ ಸ್ಪಾಟಿಂಗ್ ಸ್ಕೋಪ್ (ಹಕ್ಕಿ ನೋಡುವ ಸಣ್ಣ ದೂರದರ್ಶಕ) ಬೇಕು. 12 ಪಟ್ಟಿನ ಬೈನಾಕ್ಯುಲರನ್ನು ಕೈಯಲ್ಲೇ ಹಿಡಿದರೆ ಅಲುಗಾಟದಲ್ಲಿ ಕೊಕ್ಕಿನ ಬಣ್ಣವೇ ಹೋಗುತ್ತದೆ. ಹೊತ್ತೇರಿದಂತೆ ನೀರಿನ ಮೇಲಿನ ಬಿಸಿಗಾಳಿ ಅಲೆಯಾಡಿ ಎಷ್ಟು ಒಳ್ಳೆಯ ಗಾಜೂ ಸೋಲುತ್ತದೆ, ಅದಕ್ಕೇ ಸೂರ್ಯೋದಯದಿಂದ 9 ಗಂಟೆಯೊಳಗೆ ಬಾತುಗಳ ಕೆಲಸ ಮುಗಿಸಿಕೊಳ್ಳಿ. ಸೂರ್ಯ ಬೆನ್ನಿಗಿರುವ ಬದಿಯಲ್ಲಿ ನಿಲ್ಲಿ. ಎದುರಿಗಿದ್ದರೆ ಎರಡೂ ಬಾತು ಕಪ್ಪು ನೆರಳಷ್ಟೇ. ಸುತ್ತಲಿನ ಹೊಲಗಳಿಗೆ ಮೇಯಲು ಹೋದ ಹೆಬ್ಬಾತುಗಳು ಹಗಲು ಕಳೆಯಲು ಕೆರೆಗೇ ಮರಳುತ್ತವೆ, ಅವನ್ನು ಆಮೇಲೆ ನೋಡಿದರಾಯಿತು. ಹಾರುವ ಫೋಟೊ ಬೇಕೆಂದು ಗುಂಪನ್ನು ಎಬ್ಬಿಸಬೇಡಿ. ಒಮ್ಮೆ ಬೆದರಿದ ಬಾತು ಮತ್ತೆ ಇಳಿಯುವುದು ಆಚೆ ದಂಡೆಗೆ, ನಿಮ್ಮ ಹಿಂದೆ ಬಂದವರಿಗೂ ಸಿಗುವುದಿಲ್ಲ.