ಅಪ್ಪನ ಐದು ಮೈಕ್ರೋಫಿಲ್ಮ್ ರೀಲು ಮತ್ತು ಕೋರ್ಟ್ ಹತ್ತಿರದ ಜೆರಾಕ್ಸ್ ಅಂಗಡಿ

ಬಳ್ಳಾರಿಯಲ್ಲಿ ಮೈಕ್ರೋಫಿಲ್ಮ್ (ಕಡತದ ಪುಟಗಳನ್ನು ತೀರಾ ಚಿಕ್ಕದಾಗಿ ಫೋಟೋ ತೆಗೆದಿಟ್ಟ ಫಿಲ್ಮ್ ಸುರುಳಿ) ಸ್ಕ್ಯಾನ್ ಮಾಡುವವರು ಇದ್ದಾರೆ ಅಂದ್ರೆ ನಾನೂ ನಂಬಿರಲಿಲ್ಲ. ಅಂಗಡಿ ಬೋರ್ಡಿನ ಮೇಲೆ ಜೆರಾಕ್ಸ್, ಲ್ಯಾಮಿನೇಶನ್, ಸ್ಪೈರಲ್ ಬೈಂಡಿಂಗ್ ಅಂತ ಅಷ್ಟೇ ಇದೆ. ಒಳಗೆ ಪರದೆಯ ಹಿಂದೆ, ಯಾವುದೋ ಲೈಬ್ರರಿಯವರು ಮಾರಿದ ಹಳೇ ಸ್ಕ್ಯಾನರ್ ಒಂದನ್ನು ಕೊಂಡು ಇಟ್ಟುಕೊಂಡಿದ್ದಾರೆ. ಪರಿಚಯದ ವಕೀಲರು ಹೇಳಿದ್ದಕ್ಕೆ ಗೊತ್ತಾಯಿತು.

ನನ್ನ ಹತ್ತಿರ ಇದ್ದದ್ದು ಅಪ್ಪನ ಐದು ರೀಲು. ಅಪ್ಪ ಇತಿಹಾಸದ ಮೇಷ್ಟ್ರು. 1876–78ರ ಧಾತು ಬರದ ಬಗ್ಗೆ ಪುಸ್ತಕ ಬರೀತೀನಿ ಅಂತ 1974ರಲ್ಲಿ ಲಂಡನ್ನಿನ ಇಂಡಿಯಾ ಆಫೀಸ್ ಲೈಬ್ರರಿಗೆ ದುಡ್ಡು ಕಟ್ಟಿ, ಮದ್ರಾಸ್ ಸರ್ಕಾರದ ಬರದ ಕಡತಗಳ ಫಿಲ್ಮ್ ತರಿಸಿದ್ದರು. ಬಳ್ಳಾರಿ 1953ರವರೆಗೆ ಮದ್ರಾಸಿನ ಕೆಳಗೇ ಇತ್ತಲ್ಲ, ಹಾಗಾಗಿ ನಮ್ಮೂರಿನ ಬರದ ಲೆಕ್ಕವೆಲ್ಲ ಅದರಲ್ಲೇ. ಪುಸ್ತಕ ಆಗಲಿಲ್ಲ. ರೀಲುಗಳು ಅಟ್ಟದ ಮೇಲಿನ ಟ್ರಂಕಿನಲ್ಲಿ ಐವತ್ತು ಬೇಸಿಗೆ ಕಳೆದವು. ಇಲ್ಲಿಯ ಬೇಸಿಗೆ ಅಂದ್ರೆ ನಿಮಗೆ ಗೊತ್ತಲ್ಲ.

ಟ್ರಂಕ್ ತೆಗೆದರೆ ಹುಳಿ ವಾಸನೆ. ಉಪ್ಪಿನಕಾಯಿ ಭರಣಿ ಒಡೆದಿರಬೇಕು ಅಂತ ಅಮ್ಮ ಹುಡುಕಾಡಿದಳು. ಅಂಗಡಿಯವರು ಡಬ್ಬಿ ಮುಚ್ಚಳ ತೆಗೆದು ಒಂದೊಂದನ್ನೇ ಮೂಸಿ ನೋಡಿ ಮೂರನೆಯದನ್ನು ಬೇರೆ ಇಟ್ಟರು. "ಇದು ಹುಳಿ ಹಿಡದೈತಮ್ಮ. ಉಳಿದವುರ ಜೊತಿಗೆ ಇಡಬ್ಯಾಡ್ರಿ." ಆಮೇಲೆ ಪ್ರತಿ ರೀಲನ್ನೂ ಟ್ಯೂಬ್‌ಲೈಟಿಗೆ ಅಡ್ಡ ಹಿಡಿದರು. ಒಂದರಲ್ಲಿ ಮಾತ್ರ ಸುತ್ತುಗಳ ಅಂಚಿನಿಂದ ಬೆಳಕು ಹಾಯ್ದು ಬಂತು. ಅದು ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನ ಫಿಲ್ಮು. ಮಿಕ್ಕವು ಕಪ್ಪಗೇ ಇದ್ದವು, ಅಂದ್ರೆ ಅಸಿಟೇಟ್ ಅನ್ನೋ ಇನ್ನೊಂದು ಥರದ ಪ್ಲಾಸ್ಟಿಕ್. ಅಸಿಟೇಟ್ ಫಿಲ್ಮು ಸೆಕೆಗೆ, ತೇವಕ್ಕೆ ಕೆಡುತ್ತಾ ಅಸಿಟಿಕ್ ಆಸಿಡ್, ಅಂದ್ರೆ ವಿನೆಗರಿನ ಹುಳಿ, ಬಿಡುತ್ತದೆ. ಆ ಆಸಿಡ್ಡು ಅದನ್ನೇ ಇನ್ನಷ್ಟು ಬೇಗ ಕೆಡಿಸುತ್ತದೆ, ಪಕ್ಕದ ರೀಲಿಗೂ ಹತ್ತುತ್ತದೆ. ಇಷ್ಟು ತಿಳಿದವರು ನಮ್ಮೂರಲ್ಲಿ ಸಿಕ್ಕಿದ್ದೇ ದೊಡ್ಡದು. ಅದಕ್ಕೆ ಮೊದಲು ಬೇರೊಂದು ಕಡೆ ವಿಚಾರಿಸಿದ್ದೆ. ಅವರು ಬಲ್ಬಿನ ಮುಂದೆ ಫಿಲ್ಮ್ ಹಿಡಿದು ಮೊಬೈಲಲ್ಲಿ ಫೋಟೋ ತೆಗೀತೀವಿ ಅಂದಿದ್ದರು.

ಈಗ ದೂರಿಗೆ ಬರುತ್ತೇನೆ. ಮೊದಲ ರೀಲನ್ನು ಇವರು ಬರೀ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರು. ನಡುವಿನ ಬೂದು ಬಣ್ಣವೇ ಇಲ್ಲ. ಫೈಲು ಚಿಕ್ಕದಾಗುತ್ತದೆ, ನೋಡೋಕೂ ನೀಟಾಗಿ ಕಾಣುತ್ತದೆ. ಆದರೆ ಬರದ ಕೂಲಿಯ ಪಟ್ಟಿ ಇದ್ದ ಪುಟದಲ್ಲಿ ಅರ್ಧ, ಕಾಲು ಅಂತ ಇದ್ದ ಸಣ್ಣ ಅಂಕಿಗಳೆಲ್ಲ ಮಾಯ! ಕೆಲವು ಕಡೆ ಒಂದು ಚುಕ್ಕೆ ಉಳಿದಿತ್ತು, ಕೆಲವು ಕಡೆ ಅದೂ ಇಲ್ಲ. ಆ ಕಾಲದ ಜಗಳ ಇದ್ದದ್ದೇ ಅದರ ಮೇಲೆ. ಭಾರತ ಸರ್ಕಾರ ಬರ ನೋಡೋಕೆ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ 1877ರಲ್ಲಿ ಬಂದು, ಬರದ ಪರಿಹಾರ ಕೆಲಸ ಮಾಡುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕ, ಮೇಲೊಂದಿಷ್ಟು ಚಿಲ್ಲರೆ ಸಾಕು ಅಂದ. ಧಾನ್ಯ ಅರ್ಧ ಕೆಜಿಗೂ ಕಮ್ಮಿ. ಅದರಲ್ಲಿ ಜೀವ ನಿಲ್ಲಲ್ಲ ಅಂತ ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ಹಟ ಹಿಡಿದ. ಇಂಥ ಕಡತದಲ್ಲಿ ಅರ್ಧ ಪೌಂಡು ಅಳಿಸಿಹೋದರೆ ಏನು ಉಳೀತು?

ಪುಟ ತೋರಿಸಿದೆ. ಸ್ವಲ್ಪ ಗೊಣಗಿದರು. "ಎಲ್ಲಾರೂ ಹಿಂಗೇ ಕೇಳ್ತಾರಮ್ಮ" ಅಂದರು. ಆದರೆ ಇಡೀ ರೀಲನ್ನು ಗ್ರೇಸ್ಕೇಲಿನಲ್ಲಿ, ಅಂದ್ರೆ ನಡುವಿನ ಬೂದು ಬಣ್ಣಗಳೂ ಬರುವ ಹಾಗೆ, 300 ಡಿಪಿಐಗೆ ಮತ್ತೆ ಮಾಡಿಕೊಟ್ಟರು. ಜಾಸ್ತಿ ದುಡ್ಡು ಕೇಳಲಿಲ್ಲ.

ಎರಡನೇ ರೀಲಿನಿಂದ ನಾನೇ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಅಪ್ಪ ನೋಟ್‌ಬುಕ್ಕಿನಲ್ಲಿ ಆ ರೀಲಿಗೆ 658 ಫ್ರೇಮ್ ಅಂತ ಬರೆದಿದ್ದರು. ಕಂಪ್ಯೂಟರ್ 655 ಅಂತು. ಫ್ರೇಮಿನ ನಡುವಿನ ಗೆರೆ ಮಾಸಿದ ಕಡೆ ಸಾಫ್ಟ್‌ವೇರು ಎರಡನ್ನು ಸೇರಿಸಿ ಒಂದೇ ಅಂತ ಎಣಿಸಿತ್ತು. ಹಿಂದೆ ತಿರುಗಿಸಿ, ಮೂರೂ ಕಡೆ ಕೈಯಲ್ಲಿ ಕತ್ತರಿಸಿದೆವು. ಒಂದು ಫ್ರೇಮಿನ ಮೂಲೆಯಲ್ಲಿ ಪುಟ ಒತ್ತಿ ಹಿಡಿದ ಹೆಬ್ಬೆರಳು ಕಂಡಿತು. ನೆಗೆಟಿವ್ ಆದ್ದರಿಂದ ಉಗುರು ಕಪ್ಪು. ಲಂಡನ್ನಿನಲ್ಲಿ ಫಿಲ್ಮ್ ತೆಗೆದವರದ್ದೇ ಇರಬೇಕು. "ಕ್ರಾಪ್ ಮಾಡ್ಲೇನಮ್ಮ?" ಅಂದರು. ಬೇಡ, ಇರಲಿ ಅಂದೆ.

ರೇಟು ಒಂದು ಫ್ರೇಮಿಗೆ 4 ರೂಪಾಯಿ. ನಾಲ್ಕು ರೀಲಿನ 2,640 ಫ್ರೇಮಿಗೆ 10,560 ಆಯಿತು. ಎಂಟು ದಿನ ಅಂದವರು ಇಪ್ಪತ್ಮೂರು ದಿನ ಮಾಡಿದರು. ಅದರಲ್ಲಿ ನಾಲ್ಕೈದು ದಿನ ಕರೆಂಟಿನ ಕಥೆ. ಟಿಫ್ ಫೈಲುಗಳನ್ನು ಹಾರ್ಡ್ ಡಿಸ್ಕಿಗೂ ಪಿಡಿಎಫ್‌ಗಳನ್ನು ಪೆನ್‌ಡ್ರೈವಿಗೂ ಹಾಕಿಕೊಟ್ಟರು. ಅಚ್ಚಾದ ಪುಟಗಳಲ್ಲಿ ಪದ ಹುಡುಕಿದರೆ ಸಿಗುತ್ತದೆ, ಕೈಬರಹದ ಪುಟಗಳಲ್ಲಿ ಆ ಆಸೆ ಬೇಡ. ಫೈಲುಗಳ ಹೆಸರು ಮಾತ್ರ ಸುಮ್ನೆ ಸ್ಕ್ಯಾನ್ 0001, 0002. ಎಲ್ಲಕ್ಕೂ ಹೆಸರು ಇಡ್ತಾ ಕೂತಿದ್ದೇನೆ, ಇನ್ನೂ ಒಂದೂವರೆ ರೀಲು ಬಾಕಿ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ.

ಹುಳಿ ಹಿಡಿದ ರೀಲು ಸೊಟ್ಟಗಾಗಿ, ಮುರಿಯೋ ಹಾಗಿದೆ. ಮಷಿನ್ನಿಗೆ ಹಾಕಿದರೆ ಹರಿದೀತು ಅಂತ ಅವರು ಮುಟ್ಟಲಿಲ್ಲ, ದುಡ್ಡೂ ತಗೊಳ್ಳಲಿಲ್ಲ. ಸದ್ಯಕ್ಕೆ ಅದೊಂದೇ ಡಬ್ಬಿ ನಮ್ಮ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿದೆ, ಎರಡು ಪ್ಲಾಸ್ಟಿಕ್ ಕವರ್ ಸುತ್ತಿ. ಅಮ್ಮನಿಗೆ ಇನ್ನೂ ಹೇಳಿಲ್ಲ.