ಲೈಟ್ ಚಂದ, ಚೀಟಿ ದಂಡ

ದಾವಣಗೆರೆ ನಿಟುವಳ್ಳಿಯ ನಮ್ಮ ಮನೆಯಲ್ಲಿ ಊಟದ ಟೇಬಲ್ ಮೇಲೆ ತೂಗುಹಾಕೋಣ ಅಂತ ಈ ಹ್ಯಾಂಗಿಂಗ್ ಲೈಟನ್ನು ಆನ್‌ಲೈನ್‌ನಲ್ಲಿ ತರಿಸಿದೆ. 1,850 ರೂಪಾಯಿ. ಹಿತ್ತಾಳೆ ಬಣ್ಣದ ಲೋಹದ ಬುಟ್ಟಿ, ಬಟ್ಟೆ ಸುತ್ತಿದ ವೈರ್, ಸ್ಕ್ರೂ ಹೋಲ್ಡರ್. ಬೆಳಕು ನೇರ ತಟ್ಟೆ ಮೇಲೆ ಬೀಳುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ.

ನನ್ನ ತಕರಾರು ಜೊತೆಗೆ ಬಂದ ಚೀಟಿಯದು. ಬಣ್ಣಕ್ಕೆ ಬಣ್ಣ ಸೇರಿಸಿ, ಅಷ್ಟೇ ಬರೆದಿದ್ದಾರೆ. ಲೈಟಿನಲ್ಲಿ ಮೂರು ವೈರ್: ಕಂದು, ನೀಲಿ, ಹಸಿರು-ಹಳದಿ ಪಟ್ಟೆಯದು. ನಮ್ಮ ತಾರಸಿಯಿಂದ ಇಣುಕುತ್ತಿದ್ದದ್ದು ಎರಡೇ, ನೀಲಿ ಮತ್ತು ಕಪ್ಪು. ನಮ್ಮ ಯಜಮಾನರು ನೀಲಿಗೆ ನೀಲಿ ಸೇರಿಸಿ, ಕಪ್ಪಿಗೆ ಕಂದು ಕೊಟ್ಟು, ಪಟ್ಟೆಯದನ್ನು ಮಡಚಿ ಟೇಪ್ ಸುತ್ತಿದರು. ಲೈಟ್ ಹತ್ತಿತು. ಇಬ್ಬರೂ ಖುಷಿಯಾಗಿ ಚಹಾ ಕುಡಿದೆವು.

ಎರಡು ದಿನ ಬಿಟ್ಟು ಫ್ಯಾನ್ ರಿಪೇರಿಗೆ ಬಂದ ಹುಡುಗ, "ಅಕ್ಕ, ಇದನ್ನ ಯಾರು ಹಾಕಿದ್ದು?" ಅಂದ. ಬಲ್ಬ್ ಬಿಚ್ಚಿ, ಸ್ವಿಚ್ ಹಾಕಿ, ಟೆಸ್ಟರ್ ತುದಿಯನ್ನು ಹೋಲ್ಡರ್ ಒಳಗೆ ಬಲ್ಬ್ ತಿರುಗಿಸಿ ಕೂರಿಸುವ ಲೋಹದ ಬಳೆಗೆ ಮುಟ್ಟಿಸಿದ. ಟೆಸ್ಟರ್ ಹತ್ತಿತು! ಅಲ್ಲಿ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್ ಇರಬೇಕು; ಫೇಸ್, ಅಂದರೆ ಕರೆಂಟ್ ಬರುವ ವೈರ್ ನಡುವಿನ ತುದಿಗೆ ಹೋಗಬೇಕು. ಬಲ್ಬ್ ತಿರುಗಿಸುವಾಗ ಬೆರಳು ತಾಗಿದ್ದರೆ 230 ವೋಲ್ಟ್.

ಲೈಟಿನವರ ಲೆಕ್ಕದಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ನಮ್ಮ ಕಡೆ ವೈರಿಂಗ್‌ನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ (ನೆಲಕ್ಕೆ ಹೋಗುವ ರಕ್ಷಣೆಯ ವೈರ್). ಇದನ್ನು ಒಂದು ಸಾಲಲ್ಲಿ ಬರೆಯೋಕೆ ಏನು ಕಷ್ಟ, ಅಲ್ವಾ?

ಹುಡುಗ ಎಂಸಿಬಿ (ಕರೆಂಟ್ ಕಡಿಯುವ ಬೋರ್ಡಿನ ಸ್ವಿಚ್) ಇಳಿಸಿ ಎಲ್ಲ ಬಿಚ್ಚಿದ. ವೈರ್ ತುದಿಗಳನ್ನು ದೂರ ದೂರ ಇಟ್ಟು ಮತ್ತೆ ಕರೆಂಟ್ ಕೊಟ್ಟ. ಟೆಸ್ಟರ್ ನೀಲಿಗೆ ಹತ್ತಿತು, ಕಪ್ಪಿಗೆ ಇಲ್ಲ. ಸ್ವಿಚ್ ಆರಿಸಿದರೆ ನೀಲಿಯೂ ಸತ್ತಿತು. ಅಂದರೆ ಸ್ವಿಚ್ ಫೇಸ್‌ಗೇ ಇದೆ. ಕೆಲವರ ಮನೆಯಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೊಟ್ಟಿರುತ್ತಾರಂತೆ. ಆಗ ಆರಿಸಿದರೂ ಫೇಸ್ ಬರುತ್ತಲೇ ಇರುತ್ತದೆ, ಎಲ್‌ಇಡಿ ಬಲ್ಬ್ ಮಿಣಿಮಿಣಿ ಅನ್ನುತ್ತದೆ. ಪಕ್ಕದ ಮನೆ ವರಾಂಡದ ಬಲ್ಬಿನ ಗುಟ್ಟು ಇದೇ ಇರಬೇಕು!

ಲೋಹದ ಬುಟ್ಟಿಗೆ ಅರ್ಥ್ ಬೇಕೇ ಬೇಕು ಅಂತ ಮಂಡಿಪೇಟೆಯಿಂದ ಹಸಿರು ವೈರ್ ತರಿಸಿ, ಸ್ವಿಚ್ ಬೋರ್ಡಿನಿಂದ ಪೈಪಿನೊಳಗೆ ಎಳೆದು ಲೈಟಿನ ಪಟ್ಟೆಯ ವೈರ್‌ಗೆ ಸೇರಿಸಿದ. ಮನೆಯ ನೀಲಿಗೆ ಲೈಟಿನ ಕಂದು, ಕಪ್ಪಿಗೆ ನೀಲಿ ಕೊಟ್ಟ. ಸಾಮಾನು, ಕೂಲಿ ಸೇರಿ 450 ರೂಪಾಯಿ ಜಾಸ್ತಿ ಆಯಿತು.

ಲೈಟಿಗೆ ನಾಲ್ಕು ಸ್ಟಾರ್, ಚೀಟಿಗೆ ಒಂದೂ ಇಲ್ಲ. ತೂಗುಹಾಕುವವರು ಟೇಬಲ್‌ನಿಂದ ಎರಡೂವರೆ ಅಡಿಯಾದರೂ ಬಿಡಿ. ನಾವು ಮೊದಲು ತೀರಾ ಕೆಳಗೆ ಇಳಿಸಿದ್ದೆವು, ನಮ್ಮ ಮಾವನವರು ಊಟ ಮುಗಿಸಿ ಏಳುವಾಗ ತಲೆ ಬಡಿಸಿಕೊಂಡರು.